ಹುಳವಿಲ್ಲದ ಕಟ್ಟಿಗೆ

ಶಾಲನ: ಹೊಗಿ ಮ್ಯಾಲ ಒಯ್ಯೂದು ಕೊಳವಿ ಕೆಲಸ. ಅದು ತನ್ನ ಕೆಲಸ ಮಾಡಲಿಲ್ಲಂದ್ರ ನನ್ನ ಕಟಗಿಗೆ ಯಾಕ ಬೈತೀರಿ?

ಜಿನಗೊಂಡ: ಕೊಳವಿ ಹೊಗಿ ಒಯ್ತೈತಿ, ಹೊಳಿ ಒಯ್ಯಾಂಗಿಲ್ಲ. ನಿನ್ನ ಕಟಗಿ ತುದಿಯಿಂದ ಹಿರಣ್ಯಕೇಶಿ ಹರಿಯಾಕತ್ತಾಳ ನೋಡ!

ಒಲೆಯಲ್ಲಿ ಕಟ್ಟಿಗೆಯ ತುದಿ ನೊರೆಯುಕ್ಕಿಸಿ ಬುಸುಗುಡುತ್ತಿದ್ದುದು ಶಾಲನಳಿಗೂ ಕಾಣುತ್ತಿತ್ತು. ಆದರೆ ಕಂಡದ್ದನ್ನೆಲ್ಲ ಗಂಡನ ಮುಂದೆ ಒಪ್ಪಿಕೊಳ್ಳಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಆರು ತಿಂಗಳ ಮಗನ ತೊಟ್ಟಿಲನ್ನು ಹೊಗೆಗೆ ಅಂಜಿ ಪಡಸಾಲೆಗೆ ಸಾಗಿಸಿಯಾಗಿತ್ತು. ಅತ್ತೆ ಚಂಪಾಬಾಯಿ ಅದನ್ನು ತೂಗುತ್ತ ಕೂತಿದ್ದರು. ಅಂದು ಅಷ್ಟಮಿ, ಅತ್ತೆಯದು ಒಪ್ಪತ್ತಿನ ವ್ರತ: ದಿನಕ್ಕೊಂದೇ ಊಟ, ಅದೂ ಜೈನರ ಮನೆಯ ಪದ್ಧತಿಯಂತೆ ಹೊತ್ತು ಮುಳುಗುವುದರೊಳಗೆ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. “ಈಗ ಹತ್ತತೈತಿ, ಈಗ ಹತ್ತತೈತಿ” ಎಂದು ಶಾಲನ ಮಧ್ಯಾಹ್ನದಿಂದ ಹೇಳುತ್ತಲೇ ಇದ್ದಳು. ಮನೆಯ ಮೂವರದೂ ಮುಂಜಾನೆಯಿಂದ ಹೊಟ್ಟೆ ಖಾಲಿ. ಗಡಹಿಂಗ್ಲಜದ ಮಾಳಿಗೆಗಳ ಮೇಲೆ ಸೂರ್ಯ ಮೊಳದಷ್ಟು ಉಳಿದಿದ್ದ. ತಪೇಲಿಯಲ್ಲಿ ಅಕ್ಕಿ ಅಕ್ಕಿಯಾಗಿಯೇ ಉಳಿದಿತ್ತು.

ಜಿನಗೊಂಡ: ಇಚಲಕರಂಜಿ ಗಿರಣ್ಯಾಗಿನ ಕೊಳವಿ ನೋಡಿ ಬಂದು ಮಾಡಿಸೇನಿ. ಅಲ್ಲಿ ಹೊಗಿ ಹೆಂಗ ಸರ್ರನೆ ಹೋಗ್ತೈತಿ!

ಶಾಲನ: ಗಿರಣ್ಯಾಗ ಅನ್ನ ಮಾಡ್ತಾರೇನ್ರಿ?

ಜಿನಗೊಂಡ: ಅದಿರಲಿ. ದೀಪಾವಳಿಗೆ ಜಾಲಿ ಕಟಗಿ ಒಡಿಸಿ ಹಿತ್ತಲದಾಗ ಒಟ್ಟಿದ್ದೆ. ಬಿಸಲ ಕುಡದು ಖಣಖಣ ಅಂತಿತ್ತು. ಅದೆಲ್ಲಿ ಹೋತು?

ಶಾಲನ: ಬಾಜೂ ಮನಿ ಫಕೀರವ್ವಗ ಕೊಟ್ಟೆ. ತಿಂಗಳಾತು.

ಜಿನಗೊಂಡ: ಕೊಟ್ಟಿ?

ಶಾಲನ: ಪುಕ್ಕಟ ಕೊಡಾಕ ನಾ ಏನ ಹುಚ್ಚಿ? ಬದಲಿ ತಗೊಂಡೇನಿ. ನಿಮ್ಮ ಒಣಕಟಗಿ ತುಂಬ ಹುಳಾ ರೀ! ಒಂದೊಂದ ತೂತಿನ್ಯಾಗ ಒಂದೊಂದ ಸಂಸಾರ. ಮೊನ್ನೆ ಬಾಣಂತನ ಮುಗಿಸಿದಾಕಿ ನಾ, ಅವರ ಕೂಸುಗಳನ್ನ ಒಲಿಗೆ ಹಾಕ್ಲಿ? ಈ ಹಸೀ ಕಟಗ್ಯಾಗ ಒಂದ ಹುಳಾ ಇದ್ರ ತೋರಸ್ರಿ.

ಜಿನಗೊಂಡ: ಮುಣುಗಿ ಸಾಯಬಾರದು ಅಂತ ಹುಳಕ್ಕೂ ಗೊತ್ತೈತಿ.

ಶಾಲನ: ಮತ್ತ ನಮಗ ಫಾಯದಾನ ಆಗೇತಿ. ನಾಕ ಮಣ ಕೊಟ್ಟು ಐದ ಮಣ ತಗೊಂಡೇನಿ. ತಕ್ಕಡ್ಯಾಗ ಹಾಕಿಸೇ ತಗೊಂಡೇನಿ!

ಜಿನಗೊಂಡ: ಮ್ಯಾಲಿನ ಒಂದ ಮಣ ನೀರ, ಶಾಲನಾ. ನೀರಿಗಿ ನಮ್ಮ ಭಾಂವಿ ಇತ್ತಲ್ಲ!

ಈ ವ್ಯಾಪಾರದ ಜಾಣತನವನ್ನು ಗಂಡನಿಗೆ ಹೇಳಲು ಶಾಲನ ಒಂದು ತಿಂಗಳಿನಿಂದ ಒಳ್ಳೆಯ ಗಳಿಗೆಗೆ ಕಾದಿದ್ದಳು. ಗಳಿಗೆ ಬಂದಾಗ ಕಣ್ಣಲ್ಲಿ ಮೂಗಲ್ಲಿ ನೀರು. ಫಕೀರವ್ವ ಒಂದೂ ಮಾತು ಚೌಕಾಶಿ ಮಾಡದೆ ನಗುತ್ತ ಒಪ್ಪಿದ್ದು ಯಾಕೆಂದು ಈಗ ತಿಳಿಯಿತು. ಇಷ್ಟು ದಿನ ಸಗಣಿಯ ಕುಳ್ಳು ತುರುಕಿ ಮರ್ಯಾದೆ ಉಳಿಸಿಕೊಂಡಿದ್ದಳು. ಇವತ್ತು ಕುಳ್ಳೂ ತೀರಿದ್ದವು.

ಜಿನಗೊಂಡ: ಘಾಸಲೇಟ ಎಣ್ಣಿ ಕೊಡ, ಎರಡ ಹನಿ ಹಾಕೂನು.

ಶಾಲನ: ಜಗತ್ತಿನ ತುಂಬ ಲಡಾಯಿ ನಡದೈತಿ, ರೇಶನ್ನಿನ ಬಾಟ್ಲಿ ತಳಾ ಕಂಡೈತಿ. ಕೂಸು ಎದ್ರ ದೀಪಕ್ಕ ಬೇಕು.

ಜಿನಗೊಂಡ: ಹಂಗಾರ ಕೊಳವಿ ಬಡೀತೀನಿ. ಮಸಿ ಕಟ್ಟೇತಿ ಒಳಗ.

ಶಾಲನ: ಕಟ್ಟೇತಿ! ನಿಮ್ಮ ಬಾಯಿಲೇ ಬಂತು! ಅಂದ್ರ ತಪ್ಪ ಕೊಳವೀದ!

ಜಿನಗೊಂಡ: ನಿನ್ನ ಹಸೀ ಹೊಗಿ ಡಾಂಬರಿನಾಂಗ ಮೆತ್ತಿ ಮೆತ್ತಿ ಕಟ್ಟೇತಿ. ತಪೇಲಿ ಸರಸು.

ಚಂಪಾಬಾಯಿ (ಪಡಸಾಲೆಯಿಂದ): ಶಾಲನಾ, ಇಲ್ಲಿ ಬಾ ಜರಾ!

ಶಾಲನ: ಬಂದೆ ಅತ್ಯಾ, ಇದೊಂದ ಮಾತ ಮುಗಿಸಿ ಬಂದೆ. ಕಟ್ಟೂದು ಕೊಳವಿ ಅಂದಮ್ಯಾಲ...

ಜಿನಗೊಂಡ ಬಿದಿರ ಕೋಲಿನಿಂದ ಬಡಿದ. ಗೆದ್ದ ಸಂಭ್ರಮದಲ್ಲಿ ಶಾಲನ ತಪೇಲಿ ಸರಿಸಲು ಮರೆತಿದ್ದಳು. ತಿಂಗಳ ಮಸಿಯೆಲ್ಲ ಹೆಂಟೆಹೆಂಟೆಯಾಗಿ ಅಕ್ಕಿಯ ಮೇಲೆ, ಒಲೆಯ ಮೇಲೆ, ಇಬ್ಬರ ಮುಖದ ಮೇಲೆ ಬಿತ್ತು.

ಜಿನಗೊಂಡ: ಈಗ ನೋಡ, ಹೊಗಿ ಹೆಂಗ ಹೋಗ್ತೈತಿ!

ಶಾಲನ: ಅದರ ಜೋಡಿ ನಾನೂ ಹೋಗ್ತೀನಿ, ದಾರಿ ಬಿಡ್ರಿ.

ಬಾಗಿಲಲ್ಲಿ ಚಂಪಾಬಾಯಿ ನಿಂತಿದ್ದರು, ಕೈಯಲ್ಲಿ ಒಂದು ತುಂಬಿದ ವಾಟಿ. ಅವರನ್ನು ಕಂಡೊಡನೆ ಶಾಲನ ಮುಖದ ಮಸಿಯನ್ನು ಸೆರಗಿನಿಂದ ಒರೆಸಿಕೊಂಡಳು.

ಶಾಲನ: ಅತ್ಯಾ, ನಿಮ್ಮ ಊಟ...

ಚಂಪಾಬಾಯಿ: ನಂದಾತು. ಅವಲಕ್ಕಿಗೆ ಮೊಸರ ಬೆಲ್ಲ ಕಲಿಸಿ ಉಂಡೆ. ಅದಕ್ಕ ಒಲಿ ಯಾಕ ಬೇಕು? ಹೇಳಾಕ ಕರದ್ರ ಯಾರ ಕಿವಿ ಖಾಲಿ ಇದ್ವು? ತಗೋ, ಇದು ನಿನಗ. ಹಾಲುಣಸಾಕಿ ಉಪವಾಸ ಇರಬ್ಯಾಡ. ಹೊತ್ತ ಇನ್ನೂ ಒಂದ ಬೆರಳ ಐತಿ, ಗಪ್ಪನೆ ತಿನ್ನ.

ಶಾಲನ ಕೈ ತೊಳೆದು ತುತ್ತು ಎತ್ತಿದಳು.

ಜಿನಗೊಂಡ: ತಿನ್ನ, ತಿನ್ನ. ತಪ್ಪ ಕಟಗೀದ ಅಂತ ಒಂದ ಸಲ ಅಂದು ತಿನ್ನ.

ಬಾಯಿ ಒಂದೇ. ತುತ್ತಿಗೂ ಅದೇ ಬೇಕು, ಮಾತಿಗೂ ಅದೇ ಬೇಕು. ಶಾಲನ ವಾಟಿ ಕೆಳಗಿಟ್ಟಳು.

ಶಾಲನ: ತಪ್ಪ ನಂದ. ಒಪ್ಪೇನಿ. ಆದ್ರ...

ತಪ್ಪು ಒಪ್ಪಲು ಹಿಡಿದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆ “ಆದ್ರ” ಮಾತ್ರ ಕೊಳವೆಯ ಅಳತೆ, ತಗಡಿನ ಗುಣ, ಮದುವೆಯಾದಂದಿನಿಂದ ಗಂಡ ಮಾಡಿಸಿ ತಂದ ಇನ್ನಿತರ ಸಾಮಾನುಗಳನ್ನೆಲ್ಲ ಸುತ್ತಿ ಬರುವಷ್ಟರಲ್ಲಿ ಗೋಡೆಯ ಮೇಲಿನ ಬಿಸಿಲು ಇಲ್ಲವಾಗಿತ್ತು.

ಚಂಪಾಬಾಯಿ (ಹೊರಗಿಣುಕಿ, ವಾಟಿ ಎತ್ತಿಕೊಂಡು): ಮುಣುಗಿತು. ನಂದು ಬರೇ ಒಪ್ಪತ್ತ, ನಿಮ್ಮಿಬ್ಬರದು ಪೂರ್ತಿ ಉಪವಾಸ. ನಲವತ್ತ ವರ್ಷ ಅಷ್ಟಮಿ ಹಿಡದಾಕೀನ್ನ ಒಂದ ಸಂಜಿಗೆ ಹಿಂದ ಹಾಕಿದ್ರಲ್ಲೋ!