ದ್ವಾದಶಿಯ ದಿನ ದ್ರಾಕ್ಷಿ ತೋಟಕ್ಕೆ

ಇಟಲಿಯ ಫ್ಲಾರೆನ್ಸ್ ಊರಿನಿಂದ ಬೆಳಿಗ್ಗೆ ಹೊರಟು, ಗುಡ್ಡದ ಮೇಲಿನ ದ್ರಾಕ್ಷಿ ತೋಟ ಸುತ್ತಿ, ವೈನ್ ರುಚಿ ನೋಡಿ, ಸಂಜೆಗೆ ವಾಪಸು ಬರಬಹುದು ಎಂದು ನನಗೆ ಮೊದಲು ಹೇಳಿದವರು ಲಂಡನ್ನಿನ ಟೂಟಿಂಗ್ ಬಡಾವಣೆಯ ಡಾಕ್ಟರಮ್ಮ. ಹೇಳುವುದು ಅವರ ಕೆಲಸ, ಪ್ಲಾನ್ ಮಾಡುವುದು ನನ್ನ ಕೆಲಸ. ನಾನು ಅದೇ ಲಂಡನ್ನಿನ ಹೌನ್ಸ್ಲೋದಲ್ಲಿ ವಿಮಾನದ ಸರಕು ಸಾಗಿಸುವ ಆಫೀಸಿನಲ್ಲಿದ್ದೇನೆ. ದಿನವಿಡೀ ಪೆಟ್ಟಿಗೆಗಳನ್ನು ಊರಿಂದ ಊರಿಗೆ ಕಳಿಸುವವಳಿಗೆ ಮನುಷ್ಯರನ್ನು ಕಳಿಸುವುದು ಏನು ಮಹಾ ಎಂದು ನಮ್ಮ ಕನ್ನಡದವರೆಲ್ಲ ತೀರ್ಮಾನಿಸಿಬಿಟ್ಟಿದ್ದಾರೆ. ಪೆಟ್ಟಿಗೆಗಳು ಏಕಾದಶಿ ಮಾಡುವುದಿಲ್ಲ ಎಂಬುದು ಅವರಿಗೆ ಹೊಳೆದಿಲ್ಲ. ಹಾಗಾಗಿ ಇಂಥವು ನನಗೆ ಆಗುತ್ತಲೇ ಇರುತ್ತವೆ.

ಒಂದೇ ಒಂದು ಗ್ಲಾಸು

ಡಾಕ್ಟರಮ್ಮ ಮೈಸೂರಿನವರು, ಅವರ ಯಜಮಾನರು ಧಾರವಾಡದವರು. ಯಜಮಾನರೂ ಡಾಕ್ಟರೇ. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವವರು. ಮನೆಯಲ್ಲೂ ಅವರಿದ್ದ ಕಡೆ ನಿಶ್ಶಬ್ದ. ಡಾಕ್ಟರಮ್ಮನಿಗೆ ಐವತ್ತು ತುಂಬುವುದರಲ್ಲಿತ್ತು.

"ನನಗೆ ಚಿನ್ನ ಬೇಡ, ಪಾರ್ಟಿ ಬೇಡ. ಬೆಟ್ಟದ ಮೇಲೆ ಒಂದು ಕುರ್ಚಿ, ಕೈಯಲ್ಲಿ ಒಂದೇ ಒಂದು ಗ್ಲಾಸ್ ವೈನ್. ಕೂತ್ಕೊಂಡು, ಯಾರಿಗೂ ಹೆದರದೆ, ನಿಧಾನಕ್ಕೆ ಕುಡೀಬೇಕು ಕಣೇ. ಇಷ್ಟು ವರ್ಷ ಗರಾಜಲ್ಲಿ ನಿಂತ್ಕೊಂಡು ಕುಡಿದಿದ್ದು ಸಾಕು."

ಅವರ ಮನೆಯ ಏಕೈಕ ಬಾಟಲಿ ಗರಾಜಿನಲ್ಲಿ, ಪೇಂಟ್ ಡಬ್ಬಗಳ ಹಿಂದೆ ವಾಸ ಮಾಡುತ್ತದೆ. ಕಾರಣ, ಮನೆಯೊಳಗೆ ಅತ್ತೆ ಇದ್ದಾರೆ. ಮಡಿ, ಪೂಜೆ, ಈರುಳ್ಳಿ ಬೆಳ್ಳುಳ್ಳಿ ಕೂಡ ಮುಟ್ಟದವರು.

"ಅವತ್ತು ಅವರನ್ನ ನಮ್ಮನೇಲಿ ಬಿಡಿ. ನಾನು ನೋಡ್ಕೋತೀನಿ," ಎಂದೆ.

"ಕೇಳಿ ನೋಡಿದೆ. 'ನಾನೂ ಬರ್ತೀನವಾ, ಇಟಲಿ ಹೆಂಗದ ನೋಡೂಣು' ಅಂದ್ರು. ಆಗಲೇ ಅಟ್ಟದಿಂದ ಸೂಟ್‌ಕೇಸ್ ಇಳಿಸಿದಾರೆ."

ಪಕ್ಕದಲ್ಲಿದ್ದ ನನ್ನ ಮಗಳು ಫೋನಿನಿಂದ ತಲೆ ಎತ್ತದೆ, "ವೈ ಡೋಂಟ್ ಯು ಜಸ್ಟ್ ಟೆಲ್ ಹರ್?" ಎಂದಳು.

ನಾವಿಬ್ಬರೂ ಅವಳನ್ನು ಮರುಕದಿಂದ ನೋಡಿದೆವು. ಭರತನಾಟ್ಯ ಕಲಿಸಿದ್ದೆ, ಕಾಗುಣಿತ ಕಲಿಸಿದ್ದೆ. ಅತ್ತೆಯ ಮುಂದೆ ಏನೇನು ಹೇಳಬಾರದು ಎಂಬ ಮುಖ್ಯ ಪಾಠವೇ ಬಿಟ್ಟುಹೋಗಿತ್ತು.

ಕೆಡುವ ವಿಚಾರ

ಹೇಳದೇ ಇರುವ ಜವಾಬ್ದಾರಿಯೂ ನನ್ನ ತಲೆಗೇ ಬಂತು. ಭಾನುವಾರ ಟೂಟಿಂಗಿಗೆ ಹೋಗಿ ಅತ್ತೆಯವರ ಎದುರು ಕೂತೆ. ಯಜಮಾನರು ಮೂಲೆಯಲ್ಲಿ ಪೇಪರು ಹಿಡಿದಿದ್ದರು.

"ಅಮ್ಮಾ, ಒಂದು ದ್ರಾಕ್ಷಿ ತೋಟಕ್ಕೆ ಕರ್ಕೊಂಡು ಹೋಗ್ತಾರೆ. ಗುಡ್ಡದ ಮೇಲೆ. ತುಂಬಾ ಚೆನ್ನಾಗಿರುತ್ತೆ."

"ದ್ರಾಕ್ಷಿ ತೋಟ ನಮ್ಮ ವಿಜಾಪುರದ ಕಡೆ ಬೇಕಾದಷ್ಟು ಅವ. ಅಲ್ಲಿ ಏನು ವಿಶೇಷ? ಒಣದ್ರಾಕ್ಷಿ ಮಾಡ್ತಾರೇನು?"

"ಇಲ್ಲಮ್ಮಾ, ರಸ ತೆಗೀತಾರೆ."

"ತಗದು?"

"ಮರದ ಪೀಪಾಯಿಯಲ್ಲಿ ಇಡ್ತಾರೆ."

"ಎಷ್ಟು ದಿನ?"

ನಾನು ಪೇಪರಿನ ಕಡೆ ನೋಡಿದೆ. ಪೇಪರು ಇನ್ನಷ್ಟು ಮೇಲೇರಿತು.

"ಒಂದೆರಡು... ವರ್ಷ," ಎಂದೆ.

"ಅಷ್ಟು ದಿನ ಇಟ್ಟರ ಕೆಡೂದಿಲ್ಲೇನು?"

"ಕೆಡ್ಲಿ ಅಂತನ ಇಡೂದು," ಎಂದು ಪೇಪರಿನ ಹಿಂದಿನಿಂದ ದನಿ ಬಂತು.

ಆ ವಾರವೆಲ್ಲ ಅವರು ಬಾಯಿಬಿಟ್ಟದ್ದು ಅದೊಂದೇ ಸಲವಂತೆ. ಅದೂ ಆಗಲೇ ಬೇಕಿತ್ತೇ ಎಂದು ಡಾಕ್ಟರಮ್ಮ ಆಮೇಲೆ ಕೇಳಿದರು.

ಆಚಾರ್ಯರ ಸಲಹೆ

ಫ್ಲಾರೆನ್ಸಿನ ಹಳೆಯ ನಡುಭಾಗಕ್ಕೆ ಹೊರಗಿನವರ ಕಾರು ಬಿಡುವುದಿಲ್ಲ. ಆದ್ದರಿಂದ ನದಿಯ ಆಚೆ ಬಂದು ನಿಲ್ಲುವ ವ್ಯಾನು ಗೊತ್ತು ಮಾಡಿದೆ. ಯಾರೂ ಸ್ಟಿಯರಿಂಗ್ ಹಿಡಿಯಬೇಕಾಗದಂತೆ ಡ್ರೈವರನ್ನೂ ಗೊತ್ತು ಮಾಡಿದೆ. ತೋಟದಲ್ಲಿ ಬಿಸಿಲು ಬೀಳದ ಮೇಜು ಕೂಡ. ಎಲ್ಲ ಮುಗಿದ ಮೇಲೆ ಡಾಕ್ಟರಮ್ಮನ ಫೋನು ಬಂತು.

"ತೋಟಕ್ಕೆ ಹೋಗೋ ಶನಿವಾರವೇ ಏಕಾದಶಿಯಂತೆ. ಅತ್ತೆ ನೀರೂ ಮುಟ್ಟಲ್ಲ."

"ಅದು ಧಾರವಾಡದ ಪಂಚಾಂಗ ಅಲ್ವಾ? ಇಟಲಿಗೆ ಯಾವತ್ತು ಬರುತ್ತೋ?"

ಈ ಪ್ರಶ್ನೆ ಕೇಳಬಹುದಾದ ಒಬ್ಬರೇ ಒಬ್ಬರು ನನಗೆ ಗೊತ್ತಿದ್ದದ್ದು, ಈಸ್ಟ್ ಹ್ಯಾಮಿನಲ್ಲಿ ಪೂಜೆ ಮಾಡಿಸುವ ಆಚಾರ್ಯರು. ಫೋನ್ ಮಾಡಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅಲ್ಲಿನ ಸೂರ್ಯೋದಯ ನೋಡಿ, ಏನೋ ಗುಣಿಸಿ, "ಅಲ್ಲೂ ಶನಿವಾರವೇ," ಎಂದರು. "ಅವತ್ತು ಏನು ಕಾರ್ಯಕ್ರಮ?"

"ಹೀಗೇ ಆಚಾರ್ಯರೇ, ಒಂದು ದ್ರಾಕ್ಷಿ ತೋಟ ನೋಡೋದು."

ಆ ಕಡೆ ಪಂಚಾಂಗದ ಹಾಳೆ ತಿರುವಿದ ಸದ್ದಾಯಿತು.

"ದ್ವಾದಶಿಗೆ ಇಟ್ಕೊಳಿ," ಎಂದರು. "ಪಾರಣೆ ಮುಗಿಸಿ, ಹೊಟ್ಟೆ ತುಂಬ ಊಟ ಮಾಡಿ ಹೋಗಿ. ಖಾಲಿ ಹೊಟ್ಟೆಗೆ ಬಿದ್ರೆ ತಲೆಗೇರುತ್ತೆ."

ಉಪ್ಪಿಲ್ಲದ ಬ್ರೆಡ್ಡು

ತೋಟದಲ್ಲಿ ವೈನ್ ಜೊತೆ ಊಟವೂ ಉಂಟು. ಅಲ್ಲಿನ ಹೆಂಗಸಿಗೆ ಫೋನ್ ಮಾಡಿ, ಒಬ್ಬರಿಗೆ ಮಾಂಸ ಬೇಡ ಎಂದೆ. ಆಗಲಿ ಎಂದಳು. ಮೀನು ಬೇಡ, ಮೊಟ್ಟೆ ಬೇಡ ಎಂದೆ. ಆಗಲಿ ಎಂದಳು. ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ ಎಂದಾಗ, ಅವರಿಗೆ ಮೈಗೆ ಹುಷಾರಿಲ್ಲವೇ ಎಂದು ಮೆಲ್ಲಗೆ ಕೇಳಿದಳು. ಇಲ್ಲ, ಕುಡಿಯಲು ಬರೀ ದ್ರಾಕ್ಷಿ ಜ್ಯೂಸ್ ಸಾಕು ಎಂದೆ. ಕೊನೆಗೆ, ಟೊಮೇಟೊ ಇದೆ, ಎಣ್ಣೆ ಇದೆ, ಬ್ರೆಡ್ ಇದೆ ಎಂದಳು. ಆದರೆ ಅವರ ಕಡೆಯ ಬ್ರೆಡ್ಡಿಗೆ ಉಪ್ಪು ಹಾಕುವ ಪದ್ಧತಿ ಇಲ್ಲವಂತೆ, ಪರವಾಗಿಲ್ಲವೇ?

ಅಂಜುತ್ತಲೇ ಅತ್ತೆಯವರಿಗೆ ತಿಳಿಸಿದೆ. ಅವರ ಮುಖ ಅರಳಿತು.

"ಉಪ್ಪು ಬಿಟ್ಟಾರ? ಪಾಪ, ಅವರೂ ಏನೋ ವ್ರತ ಹಿಡದಿರಬೇಕು," ಎಂದು ಸೂಟ್‌ಕೇಸಿನೊಳಗೆ ಇನ್ನೊಂದು ಪೊಟ್ಟಣ ಚಟ್ನಿಪುಡಿ ಇಟ್ಟರು. ಅದು ಆ ಹೆಂಗಸಿಗೆ.

ನುಂಗು

ಮುಂದಿನದನ್ನು ಡಾಕ್ಟರಮ್ಮ ವಾಪಸು ಬಂದ ಮಾರನೇ ದಿನವೇ ಬಂದು ಹೇಳಿದರು.

ನನ್ನ ಪ್ಲಾನ್ ಹೀಗಿತ್ತು. ವೈನ್ ಮೇಜಿಗೆ ಬರುವ ಹೊತ್ತಿಗೆ ಯಜಮಾನರು ತಾಯಿಯನ್ನು ಆಲಿವ್ ಎಣ್ಣೆಯ ಗಾಣ ತೋರಿಸಲು ಕರೆದುಕೊಂಡು ಹೋಗಬೇಕು. ಆ ಕಾಲು ಗಂಟೆ ಡಾಕ್ಟರಮ್ಮನದು.

ಹೋದರು. ಬೆಟ್ಟ ಇತ್ತು, ಕುರ್ಚಿ ಇತ್ತು. ಮೇಜಿನ ಸುತ್ತ ಬೇರೆ ಬೇರೆ ದೇಶದ ಪ್ರವಾಸಿಗಳು. ತೋಟದ ಹೆಂಗಸು ಗ್ಲಾಸು ತಿರುಗಿಸಿ, ಮೂಸಿ, ಬಾಯಿಗೆ ಹಾಕಿ ಮುಕ್ಕಳಿಸಿ, ಪಕ್ಕದ ಪಾತ್ರೆಗೆ ಉಗುಳಿ ತೋರಿಸಿದಳು. ರುಚಿ ನೋಡುವ ಕ್ರಮವೇ ಹಾಗಂತೆ. ಡಾಕ್ಟರಮ್ಮ ಉಗುಳುವ ಯೋಚನೆಯಲ್ಲಿರಲಿಲ್ಲ. ಮೊದಲ ಗುಟುಕು ಬಾಯಲ್ಲಿತ್ತು, ಕಣ್ಣು ಮುಚ್ಚಿದ್ದರು.

"ಗಾಣ ಬಂದ್ ಅದ," ಎಂದು ಹಿಂದಿನಿಂದ ಕೇಳಿಸಿತು.

ಕಣ್ಣು ಬಿಟ್ಟರೆ ಅತ್ತೆ. ಗಾಬರಿಯಲ್ಲಿ ಡಾಕ್ಟರಮ್ಮ ಬಾಯಲ್ಲಿದ್ದದ್ದನ್ನೆಲ್ಲ ಪಾತ್ರೆಗೆ ಉಗುಳಿಬಿಟ್ಟರು. ಅತ್ತೆ ಪಾತ್ರೆಯೊಳಗೆ ಬಗ್ಗಿ ನೋಡಿದರು. ಸಾಲಾಗಿ ಉಗುಳುತ್ತಿದ್ದವರನ್ನೂ ನೋಡಿದರು.

"ಎಲ್ಲಾರೂ ಒಂದ ಪಾತ್ರಿಯೊಳಗ? ಯಾಕ, ಕೆಟ್ಟದೇನು?"

"ಇಲ್ಲ ಅತ್ತೆ, ಒಳ್ಳೇದೇ. ರುಚಿ ನೋಡಿ ಉಗುಳ್ತಾರೆ."

"ಒಳ್ಳೇದನ್ನ ಉಗುಳೂದಾ? ಆಕಿ ಇಷ್ಟು ಕಷ್ಟಪಟ್ಟು ಬೆಳದು, ವರ್ಷಗಟ್ಟಲೆ ಇಟ್ಟು, ನಿಮ್ಮ ಮುಂದ ತಂದು ಸುರಿದರ, ಆಕಿ ಎದುರಿಗೇ ಉಗುಳ್ತೀರಿ?" ಅತ್ತೆ ಗ್ಲಾಸಿನ ಕಡೆ ಬೆರಳು ತೋರಿಸಿದರು. "ನುಂಗು."

ಡಾಕ್ಟರಮ್ಮ ಮದುವೆಯಾದಾಗಿನಿಂದ ಅತ್ತೆಯ ಮಾತು ಮೀರಿದವರಲ್ಲ. ನುಂಗಿದರು.

ಅಷ್ಟರಲ್ಲಿ ಅತ್ತೆಗೂ ಜ್ಯೂಸ್ ಬಂತು, ಅಂಥದೇ ಗ್ಲಾಸಿನಲ್ಲಿ. ಪರರ ಮನೆಯ ಪಾತ್ರೆ, ತುಟಿ ತಾಗಿಸುವುದುಂಟೇ? ಅತ್ತೆ ತಲೆ ಹಿಂದಕ್ಕೆ ಬಾಗಿಸಿ, ಗ್ಲಾಸನ್ನು ಹಣೆಗಿಂತ ಮೇಲೆತ್ತಿ, ಸಣ್ಣ ಧಾರೆಯಾಗಿ ಬಾಯಿಗೆ ಬಿಟ್ಟುಕೊಂಡರು. ಒಂದು ಹನಿ ಆಚೀಚೆ ಇಲ್ಲ. ಮೇಜಿನವರೆಲ್ಲ ಉಗುಳುವುದನ್ನು ಬಿಟ್ಟು ಇವರತ್ತ ತಿರುಗಿದರು. ವೈನಿಗೆ ಗಾಳಿ ತಾಗಿ ರುಚಿ ಹೆಚ್ಚಲಿ ಅಂತ ಹೀಗೆ ಮಾಡುತ್ತಾರಾ, ಇದು ಯಾವ ದೇಶದ ಕ್ರಮ ಎಂದು ಪ್ರವಾಸಿಯೊಬ್ಬರು ಕೇಳಿದರು. ಯಜಮಾನರು "ಧಾರವಾಡ" ಎಂದರು. ಮುಂದಿನ ಸುತ್ತಿನಲ್ಲಿ ಮೇಜಿನವರೆಲ್ಲ ಮುಖ ಆಕಾಶಕ್ಕೆ ಮಾಡಿ ಗ್ಲಾಸೆತ್ತಿದರು. ಒಬ್ಬರ ಅಂಗಿಯೂ ಬಿಳಿಯಾಗಿ ಉಳಿಯಲಿಲ್ಲ.

ಎಲ್ಲರೂ ಅಂಗಿ ಒರೆಸಿಕೊಳ್ಳುತ್ತಿದ್ದಾಗ ಅತ್ತೆ ಸೊಸೆಯ ಗ್ಲಾಸನ್ನು ಕೈಗೆ ತೆಗೆದುಕೊಂಡು ಮೂಸಿದರು.

"ಇದರ ವಾಸನಿ ಛಲೋ ಅದ," ಎಂದರು ಅತ್ತೆ. "ನೀ ಗರಾಜಿನೊಳಗ ಇಟ್ಟದ್ದಕ್ಕ ಬರೇ ಪೇಂಟಿನ ವಾಸನಿ."

ಯಜಮಾನರಿಗೆ ಕೆಮ್ಮು ಹತ್ತಿತು.

"ಮ್ಯಾಲಿನ ಖೋಲಿಯೊಳಗ ಇಟ್ಟುಗೋವಾ," ಎಂದು ಗ್ಲಾಸು ವಾಪಸು ಕೊಟ್ಟರು. "ಚಳಿಯೊಳಗ ಗರಾಜಿಗೆ ಹೋಗಿ ನಿಂದರತಿ, ನಿನಗ ನೆಗಡಿ ಆಗ್ತದ. ಈಗ ಸುಮ್ಮನ ಕೂತು ಕುಡಿ. ಬೆಟ್ಟ ನೋಡು."

ಡಾಕ್ಟರಮ್ಮ ಕೂತು, ಬೆಟ್ಟ ನೋಡುತ್ತ, ನಿಧಾನಕ್ಕೆ ಕುಡಿದರು.

ಮೊನ್ನೆ ಟೂಟಿಂಗಿಗೆ ಹೋಗಿದ್ದಾಗ ಅತ್ತೆಯವರನ್ನು ಕೇಳಿಯೇಬಿಟ್ಟೆ. "ಅಮ್ಮಾ, ಇಷ್ಟು ವರ್ಷದಿಂದ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?"

"ಆಕಿ ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ಲು. ನಾ ಹೇಳಿ ಆಕಿ ಮನಸ್ಸು ಯಾಕ ಮುರೀಲಿ?" ಎಂದರು. ಆಮೇಲೆ ಕಾಫಿ ಲೋಟವನ್ನು ಮೇಲಿನಿಂದಲೇ ಬಾಯಿಗೆ ಸುರಿದುಕೊಂಡು, "ಸೊಸಿ ಇದ್ದವರಿಗೆಲ್ಲಾ ಹೇಳು. ಗರಾಜಿನೊಳಗ ಒಮ್ಮೆ ನೋಡ್ರಿ ಅಂತ," ಎಂದರು.

ನನಗಿನ್ನೂ ಸೊಸೆ ಬಂದಿಲ್ಲ. ನಿಮಗೆ ಗೊತ್ತಿರುವ ಅತ್ತೆಯರಿಗೆ ನೀವೇ ಹೇಳಿಬಿಡಿ. ಸೊಸೆಯರ ಕಿವಿಗೆ ಮಾತ್ರ ಒಂದು ದಿನ ಮುಂಚೆ ಹಾಕಿ.