ಹಿಮಾಲಯದ ದೋಣಿಗೆ ಬೆಟಗೇರಿ ಉಸ್ತಾದ್

ಪಂಪ್ ರಿಪೇರಿ ಅಂಗಡಿಯಲ್ಲಿ ಲೇತ್ ನಡೆಸುವವನಿಗೆ ನಗಲು ಏನಿರುತ್ತದೆ ಎಂದು ಕೇಳುವವರಿದ್ದಾರೆ. ಬೆಟಗೇರಿಯ ನಮ್ಮ ಅಂಗಡಿಯಲ್ಲಿ ಒಂದು ವಾರ ಕೂತರೆ ಕೇಳಿದ್ದನ್ನು ವಾಪಸ್ ತಗೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ನಾನು ಉಸ್ತಾದರ ಕೈಕೆಳಗಿದ್ದೇನೆ. ಅವರು ಏಳನೇ ಇಯತ್ತೆಗೆ ಶಾಲೆ ಬಿಟ್ಟವರು. ಯಾವ ಕಾಲೇಜೂ ಕಲಿಸದ್ದನ್ನು ಬಲ್ಲವರು. ಅವರ ಪ್ರಸಂಗಗಳು ನೂರಿವೆ, ಇಲ್ಲಿ ದೋಣಿಯದ್ದಷ್ಟೇ ಹೇಳುತ್ತೇನೆ.

೧. ಪಂಪಿನ ತಮ್ಮ

ಶಿಗ್ಲಿಯವನೊಬ್ಬ ಸೈನ್ಯದಿಂದ ನಿವೃತ್ತನಾಗಿ ಹಿಮಾಲಯದ ಮೇಲಿನ ಒಂದು ಸರೋವರದಲ್ಲಿ ದೋಣಿ ನಡೆಸುತ್ತಾನೆ. ಪ್ರವಾಸಿಗರು ಪೆಡಲ್ ತುಳಿದು ನಡೆಸುವ ಸಣ್ಣ ದೋಣಿಗಳು ಗಾಳಿಗೆ ಸಿಕ್ಕರೆ ಓಡಿಹೋಗಿ ಎಳೆದು ತರುವುದು ಅವನ ಕೆಲಸ. ಅವನು ರಜೆಗೆ ಬಂದಾಗ ಉಣ್ಣೆ ಶಾಲಿನಲ್ಲಿ ಕೂಸಿನಂತೆ ಏನನ್ನೋ ಸುತ್ತಿಕೊಂಡು ಅಂಗಡಿಗೆ ಬಂದ. ಬಿಚ್ಚಿದರೆ ದೋಣಿಯ ಬದಲಿ ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗುವ ರೆಕ್ಕೆಗಳ ಚಕ್ರ.

"ಇದು ಜೆಟ್ ದೋಣೀದುರಿ ಉಸ್ತಾದ್. ಕೆಳಗ ಹೊಳ್ಯಾಗ ಬಾಣದಂಗ ಓಡತಿತ್ತಂತ. ಮ್ಯಾಲೆ ಒಯ್ದ ಮ್ಯಾಲೆ ಎಮ್ಮಿ ಈಸಿದಂಗ ಹೊಂಟೈತಿ. ಯಾರರ ಮುಳುಗಾಕತ್ತಿದ್ರ ನಾ ಹೋಗಿ ಮುಟ್ಟೂದು ಯಾವಾಗ?"

ಬೋರಿನ ಮೋಟಾರು ತಂದಿದ್ದ ಅಂತೂರ ಬೆಂತೂರದ ರೈತರೊಬ್ಬರು ಬಗ್ಗಿ ನೋಡಿ, "ಇದು ನಮ್ಮ ಪಂಪಿನ ತಮ್ಮ ಅಲ್ಲೇನ್ರಿ?" ಎಂದರು.

"ಖರೆ ಅಂದ್ರಿ," ಎಂದರು ಉಸ್ತಾದ್. "ನಿಮ್ಮದು ನೀರು ಮ್ಯಾಲೆ ಎತ್ತತೈತಿ. ಇದು ನೀರು ಹಿಂದಕ್ಕ ಒಗದು ತಾನು ಮುಂದ ಹೋಗತೈತಿ."

ರೈತರು ತಮ್ಮ ಮೋಟಾರಿನ ಕಡೆ ಅನುಮಾನದಿಂದ ನೋಡಿದರು. "ಹಂಗಾದ್ರ ನಮ್ಮದನ್ನ ಓಡಿ ಹೋಗದಂಗ ಹಗ್ಗ ಹಾಕಿ ಬಿಗಿಯಾಗಿ ಕಟ್ಟಬೇಕಾತು ಬಿಡ್ರಿ!"

೨. ಜೋಳದ ಚೀಲ

ಉಸ್ತಾದ್ ಇಂಪೆಲ್ಲರನ್ನು ಮುಟ್ಟಲೇ ಇಲ್ಲ. ದೋಣಿಯವನನ್ನೇ ವಿಚಾರಿಸಿದರು.

"ಅಲ್ಲೆ ನೀ ಮೆಟ್ಟಲಾ ಹತ್ತಿದ್ರ ಹೆಂಗಾಕೈತಿ?"

"ಹತ್ತ ಮೆಟ್ಟಲಕ್ಕ ಉಸುರು ಹತ್ತತೈತ್ರಿ. ಗಾಳಿನ ತೆಳ್ಳಗೈತಲ್ರಿ."

"ತೆಲಿ ಮ್ಯಾಲೆ ಜ್ವಾಳದ ಚೀಲ ಇಟ್ರ?"

"ಅಲ್ಲೇ ಕುಂಡ್ರತೀನ್ರಿ."

"ಎಂಜಿನ್ನೂ ಅಷ್ಟ ನೋಡು. ಗಾಳಿ ಸಾಲವಲ್ದು, ಶಕ್ತಿ ಕಡಿಮಿ ಆಗೈತಿ. ಈ ರೆಕ್ಕಿ ಅದರ ತೆಲಿ ಮ್ಯಾಲಿನ ಚೀಲ. ರೆಕ್ಕಿ ಹಿಂದಿನ ಅಂಚು ಒಂದೀಟು ತಗದ್ರ ಚೀಲ ಹಗುರ ಆಕೈತಿ, ಎಂಜಿನ್ ಪೂರಾ ತಿರಗತೈತಿ."

ನಾನು ಬೆರಗಾಗಿ ನಿಂತೆ. ದೋಣಿಯವನು ಖುಷಿಯಾಗಿ, ಜೋಳದ ಚೀಲ ಇಳಿಸಿದರೆ ದೋಣಿ ಓಡುತ್ತದಂತೆ ಎಂದು ಅಲ್ಲಿಯ ಮ್ಯಾನೇಜರರಿಗೆ ಮೆಸೇಜ್ ಕಳಿಸಿದ. ಅರ್ಧ ತಾಸಿನಲ್ಲಿ ಉತ್ತರ ಬಂತು: ಜೀವರಕ್ಷಣೆಯ ದೋಣಿಯಲ್ಲಿ ಜೋಳ ಸಾಗಿಸುತ್ತಿದ್ದವರು ಯಾರು, ಹೆಸರು ತಿಳಿಸಿ.

೩. ಮುಂಡರಗಿಯ ಮದುವೆ

ರೆಕ್ಕೆಗಳು ನಾಲ್ಕು. ನಾಲ್ಕನ್ನೂ ಒಂದೇ ಸಮ ಕತ್ತರಿಸಬೇಕು, ಇಲ್ಲದಿದ್ದರೆ ದೋಣಿ ನಡುಗುತ್ತದೆ. ಉಸ್ತಾದ್ ಒಂದು ದಪ್ಪ ಕಾಗದದಲ್ಲಿ ಮಾದರಿ ಕತ್ತರಿಸಿ, ಅದನ್ನು ರೆಕ್ಕೆಗಿಟ್ಟು ಗೆರೆ ಎಳೆದು, ಎರಡು ದಿನ ಕೂತು ಉಜ್ಜಿದರು. ಆ ಎರಡು ದಿನ ಅವರು ಕುಡಿದದ್ದೆಲ್ಲ ಆರಿ ತಣ್ಣಗಾದ ಚಹಾ.

ಸರೋವರದ ಕಡೆಯ ಎಂಜಿನಿಯರ್ ಒಬ್ಬರು ವಿಡಿಯೋ ಕಾಲ್ ಮಾಡಿ, ಇದರ ಡಿಸೈನ್ ಯಾವ ಕಂಪ್ಯೂಟರಿನಲ್ಲಿ ಮಾಡಿದಿರಿ ಎಂದು ಹಿಂದಿಯಲ್ಲಿ ಕೇಳಿದರು. ಉಸ್ತಾದ್ ಮಾದರಿ ಎತ್ತಿ ತೋರಿಸಿದರು. ಅದರ ಮೇಲೆ ಬಂಗಾರದ ಅಕ್ಷರ ಹೊಳೆಯಿತು.

"ಏನು ಬರೆದಿದೆ?"

"ಲಗ್ನಪತ್ರಿಕೆ ಸಾಹೇಬ್. ಮುಂಡರಗಿಯವರದು. ಕಾಗದ ಭಾಳ ಗಟ್ಟಿ ಐತಿ."

ಎಂಜಿನಿಯರ್ ತಲೆಗೆ ಕೈ ಹಚ್ಚಿದರು. ನಾನು ಒಂದೊಂದೇ ರೆಕ್ಕೆ ಅಳೆದು ಅಳತೆ ಓದಿದೆ. ನಾಲ್ಕರಲ್ಲೂ ಕೂದಲೆಳೆ ವ್ಯತ್ಯಾಸವಿರಲಿಲ್ಲ. ಎಂಜಿನಿಯರ್ ಮೆಲ್ಲಗೆ ಕೇಳಿದರು: "ಆ ಮದುವೆಯ ಇನ್ನೊಂದು ಕಾರ್ಡು ಉಳಿದಿದೆಯೇ?"

೪. ಉಳಿದ ನೂರು ಕಿಲೋ

ದೋಣಿಯವನು ಮರಳಿ ಹೋಗಿ ಇಂಪೆಲ್ಲರ್ ಕೂಡಿಸಿ ಫೋನ್ ಮಾಡಿದ. "ಫರಕ್ ಭಾಳ ಆಗೈತ್ರಿ. ಇನ್ನೊಂದೀಟು ಜೋರು ಬೇಕ್ರಿ."

"ದೋಣ್ಯಾಗ ಬ್ಯಾಡಾದ ವಜ್ಜಿ ಏನೇನೈತಿ? ಎಲ್ಲಾ ಇಳಸು."

ಅವನು ಹಳೆಯ ಸರಪಳಿ, ತುಕ್ಕು ಹಿಡಿದ ಪೆಟ್ಟಿಗೆ, ತಳದಲ್ಲಿ ನಿಂತ ನೀರು ಎಲ್ಲಾ ತೆಗೆದ. ಮತ್ತೆ ಫೋನು.

"ಎಲ್ಲಾ ಇಳಿಸಿದ್ನಿರಿ. ಇನ್ನೊಂದು ನೂರು ಕಿಲೋ ಉಳದೈತಿ."

"ಅದನ್ನೂ ಇಳಸಲೇ!"

"ಅವರು ಮ್ಯಾನೇಜರ್‌ರು ಅದಾರ್ರಿ. ಟ್ರಯಲ್ ನೋಡಾಕ ಕುಂತಾರ."

ಫೋನಿನ ಸ್ಪೀಕರ್ ಹಚ್ಚಿತ್ತು. "ಉಸ್ತಾದ್ ನನ್ನ ಬಗ್ಗೆ ಏನು ಹೇಳುತ್ತಿದ್ದಾರೆ?" ಎಂದು ಮ್ಯಾನೇಜರ್ ಹಿಂದಿಯಲ್ಲಿ ಕೇಳಿದ್ದು ನಮಗೂ ಕೇಳಿಸಿತು. ದೋಣಿಯವನು ತಡಮಾಡಲಿಲ್ಲ. "ನಿಮ್ಮಂಥ ತೂಕದ ಮನುಷ್ಯರು ದಂಡೆಯ ಮೇಲೆ ನಿಂತು ಹುಕುಂ ಕೊಡಬೇಕಂತೆ ಸಾಹೇಬ್!"

೫. ಇನ್ನೊಂದು ಸುತ್ತು

ಮುಂದಿನ ವಾರ ಮಧ್ಯಾಹ್ನ ಒಮ್ಮೆಲೇ ಗಾಳಿ ಎದ್ದಿತು. ಒಂದು ಸಂಸಾರ ಕೂತ ತುಳಿಯುವ ದೋಣಿ ಸರೋವರದ ನಡುವಿಗೆ ಸರಿಯಿತು. ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು. ದೋಣಿಯೊಳಗೆ ನೀರು ಬರತೊಡಗಿತ್ತು. ನಮ್ಮವನು ಜೆಟ್ ದೋಣಿ ಹೊಡೆದುಕೊಂಡು ಹೋಗಿ ಐದೂ ಜನರನ್ನು ತನ್ನ ದೋಣಿಗೆ ಹತ್ತಿಸಿಕೊಂಡು ದಂಡೆಗೆ ತಂದ.

"ಮದಲಿನಂಗಿದ್ರ ನಾ ಹೋಗಿ ಮುಟ್ಟತಿರಲಿಲ್ರಿ ಉಸ್ತಾದ್," ಎಂದು ಅವನು ಸಂಜೆ ಫೋನಿನಲ್ಲಿ ಹೇಳಿದ. ಉಸ್ತಾದ್ ಕನ್ನಡಕ ತೆಗೆದು ಅಂಗಿಯಿಂದ ಬಹಳ ಹೊತ್ತು ಒರೆಸಿದರು. ಆಮೇಲೆ ಕೇಳಿದರು: "ಅಜ್ಜಿ ಅಂಜಿದ್ರೇನು?"

"ಎಲ್ಲೀದ್ರಿ! ದಂಡಿಗೆ ಬಂದ್ರೂ ಇಳೀಲಿಲ್ಲ. ಇನ್ನೊಂದ ಸುತ್ತು ಹೊಡಿ ಅಂತ ಕುಂತ್ರು."

೬. ಸರೋವರ ಹೇಗಿತ್ತು?

ಮ್ಯಾನೇಜರರು ನಮ್ಮಿಬ್ಬರನ್ನೂ ಕರೆಸಿಕೊಂಡರು. ಎರಡು ದಿನ ಉಸಿರು ಹೊಂದಿಸಿಕೊಂಡು ಮೂರನೇ ದಿನ ದೋಣಿ ಹತ್ತಿದೆವು. ಉಸ್ತಾದ್ ನನ್ನ ತೋಳು ಹಿಡಿದು ಕೂತರು. ದೋಣಿ ಮೂಗು ಎತ್ತಿ ಹಾರಿತು. ಸುತ್ತ ಹಿಮದ ಗುಡ್ಡ, ಮೇಲೆ ಕೆಳಗೆ ಬರೀ ನೀಲಿ. ನಾನು ಸಣ್ಣ ಹುಡುಗನಂತೆ ಕೂಗಿದೆ. ಉಸ್ತಾದರು ಮಾತ್ರ ಕಣ್ಣು ಗಟ್ಟಿಯಾಗಿ ಮುಚ್ಚಿ ಕೂತಿದ್ದರು. ಎಂಥ ಏಕಾಗ್ರತೆ, ಎಂಜಿನ್ನಿನ ಸಪ್ಪಳ ಆಲಿಸುತ್ತಿದ್ದಾರೆ ಎಂದು ನನಗೆ ಮೈ ಜುಂ ಎಂದಿತು.

ದಂಡೆಗಿಳಿದ ಮೇಲೆ ಉಸ್ತಾದ್ ಬರೋಬ್ಬರಿ ವರದಿ ಒಪ್ಪಿಸಿದರು: ಇಂಪೆಲ್ಲರ್ ಸರಿ ಕೂತಿದೆ, ಎಂಜಿನ್ ಪೂರಾ ತಿರುಗುತ್ತಿದೆ, ಎಡಗಡೆ ಒಂದು ಬೋಲ್ಟು ಸಡಿಲಿದೆ. ಎಂಜಿನಿಯರ್ ಓಡಿಹೋಗಿ ನೋಡಿದರೆ ಬೋಲ್ಟು ಖರೇನೇ ಸಡಿಲಿತ್ತು! ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಮ್ಯಾನೇಜರರು ಅಭಿಮಾನದಿಂದ ಕೇಳಿದರು: "ಉಸ್ತಾದ್‌ಜೀ, ನಮ್ಮ ಸರೋವರ ಹೇಗಿತ್ತು?"

ಉಸ್ತಾದ್ ನನ್ನ ಕಿವಿಗೆ ಬಗ್ಗಿದರು. "ಲೇ, ಹೆಂಗಿತ್ತೋ? ಅಂಜಿಕಿಗೆ ನಾ ಎಲ್ಲಿ ಕಣ್ಣ ತಗದಿದ್ದೆ!"

"ನೀಲಿ ಐತ್ರಿ," ಎಂದೆ ಮೆಲ್ಲಗೆ.

ಅವರು ಎದೆಯ ಮೇಲೆ ಕೈಯಿಟ್ಟು ಮ್ಯಾನೇಜರರತ್ತ ತಿರುಗಿದರು.

"ಬಹುತ್ ನೀಲಾ ಹೈ ಸಾಹೇಬ್!"