ಕನ್ನಡಕ ಹಿಡಿದ ಸೌತೆಬಳ್ಳಿ

"ಇನ್ನು ಮೇಲೆ ಅಂಗಡಿಯ ಸೌತೆಕಾಯಿ ಈ ಮನೆಯ ಹೊಸ್ತಿಲು ದಾಟಕೂಡದು!"

ಹೀಗೆಂದು ನಾನು ಗುಡುಗಿದಾಗ ನನ್ನ ಕೈಯಲ್ಲಿದ್ದದ್ದು ಖಡ್ಗವಲ್ಲ, ಬೀಜದ ಪೊಟ್ಟಣ.

ಇದಕ್ಕೆಲ್ಲ ಮೂಲ ನನ್ನ ನಾಲ್ಕು ವರ್ಷದ ಮಗಳು. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಮೆಣಸು ಎಂದು. ಗಾತ್ರಕ್ಕೂ ಸರಿ, ಖಾರಕ್ಕೂ ಸರಿ. ಹಸಿರು ಬಣ್ಣದ್ದು ಯಾವುದನ್ನೂ ಬಾಯಿಗೆ ಸೇರಿಸುವವಳಲ್ಲ. ಸೌತೆಕಾಯಿಯನ್ನು ಹೂವಿನ ಹಾಗೆ ಕತ್ತರಿಸಿದೆ, ದೋಣಿಯ ಹಾಗೆ ಕತ್ತರಿಸಿದೆ, ಕೊನೆಗೆ ಅನ್ನದ ಕೆಳಗೆ ಹೂತಿಟ್ಟೆ. ಅವಳು ಉತ್ಖನನ ನಡೆಸಿ, ಸಿಕ್ಕಿದ್ದನ್ನೆಲ್ಲ ತಟ್ಟೆಯ ಅಂಚಿನಲ್ಲಿ ಪ್ರದರ್ಶನಕ್ಕಿಟ್ಟಳು. ಕಣ್ಣೆದುರೇ ಬೆಳೆದದ್ದನ್ನು ಮಕ್ಕಳು ತಾವಾಗಿಯೇ ತಿನ್ನುತ್ತಾರೆಂದು ಎಲ್ಲೋ ಓದಿದ್ದೆ. ಓದಿದ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

ಕುಂಡ ಬಂತು, ಮಣ್ಣು ಬಂತು. ಬಿಸಿಲು ಮಾತ್ರ ನಮ್ಮ ಮನೆಗೆ ಬರುವುದು ಒಂದೇ ಕಿಟಕಿಯಿಂದ. ಆ ಕಿಟಕಿಯ ಕೆಳಗೆ, ಮನೆಯಿಂದಲೇ ಕಚೇರಿ ಕೆಲಸ ಮಾಡುವ ನನ್ನ ಗಂಡನ ಮೇಜು.

"ರೀ, ಆ ಜಾಗ ಬೇಕು."

"ನಾನೆಲ್ಲಿ ಕೂರಲಿ?"

"ನಿಮಗ್ಯಾಕೆ ಬಿಸಿಲು? ನೀವೇನು ಕಾಯಿ ಬಿಡ್ತೀರಾ?"

ಅವರು ಷರತ್ತು ಹಾಕಿದರು. "ಸರಿ. ಸ್ಕೂಲ್ ಶುರುವಾಗೋದ್ರೊಳಗೆ ನಿನ್ನ ಗಿಡದ ಕಾಯಿನ ಮೆಣಸು ತಿಂದ್ರೆ ಕಿಟಕಿ ನಿಂದೇ, ಶಾಶ್ವತವಾಗಿ. ಇಲ್ಲಾಂದ್ರೆ ನನ್ನ ಮೇಜು ವಾಪಸ್, ಕುಂಡ ಮೆಟ್ಟಿಲ ಕೆಳಗೆ."

"ಒಪ್ಪಿದೆ!"

ಮೇಜು ಬಟ್ಟೆ ಒಗೆಯುವ ಯಂತ್ರದ ಪಕ್ಕಕ್ಕೆ ಗಡೀಪಾರಾಯಿತು. ಯಂತ್ರ ಗಿರಗಿರನೆ ಹಿಂಡಲು ತೊಡಗಿದಾಗಲೆಲ್ಲ ಮೇಜಿನ ಜೊತೆ ಅವರೂ ನಡುಗುತ್ತಿದ್ದರು. ಕಂಪ್ಯೂಟರ್ ಪರದೆಯ ಆಚೆಗಿನ ಸಹೋದ್ಯೋಗಿಗಳು ಚಳಿಜ್ವರವೇ ಎಂದು ವಿಚಾರಿಸಿದರಂತೆ.

ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ 'ಕುಳ್ಳ ತಳಿ, ಹಬ್ಬುವುದಿಲ್ಲ' ಎಂದಿತ್ತು. ಗಿಡ ಅದನ್ನು ಓದಿರಲಿಲ್ಲ. ಮೊದಲು ಕಿಟಕಿಯ ಪರದೆ ಹಿಡಿಯಿತು, ಆಮೇಲೆ ಚಿಲಕ, ಆಮೇಲೆ ಫೋನಿನ ಚಾರ್ಜರ್. ಅಷ್ಟರಲ್ಲಿ ಅತ್ತೆಯ ಕನ್ನಡಕ ಕಾಣೆಯಾಯಿತು. ಮನೆಯೆಲ್ಲ ತಡಕಾಡಿದ ಮೇಲೆ ಸಿಕ್ಕಿದ್ದು ಕಿಟಕಿಕಟ್ಟೆಯ ಮೇಲೆ, ಎರಡು ಎಳೆ ಕುಡಿಗಳ ಬಿಗಿ ಅಪ್ಪುಗೆಯಲ್ಲಿ!

"ಕತ್ತರಿ ಕೊಡು," ಎಂದರು ಅತ್ತೆ.

"ಬೇಡಿ ಅತ್ತೆ! ಆ ತುದಿಯಲ್ಲಿ ಮೊಗ್ಗಿದೆ!"

"ನನ್ನ ಮುಖದಲ್ಲಿ ಕಣ್ಣೂ ಇದೆಯಲ್ಲಮ್ಮಾ!"

ಆದರೂ ದೊಡ್ಡ ಮನಸ್ಸಿನವರು, ಕತ್ತರಿಸಲಿಲ್ಲ. ಅಂದಿನಿಂದ ಪೇಪರ್ ಓದಬೇಕಾದಾಗ ಕಿಟಕಿಗೆ ಬಂದು, ಬೆನ್ನು ಬಗ್ಗಿಸಿ, ಕನ್ನಡಕ ಇದ್ದಲ್ಲಿಗೇ ಮುಖ ಒಯ್ಯುತ್ತಿದ್ದರು. ನೋಡಿದವರಿಗೆ ಟಿಕೆಟ್ ಕೌಂಟರಿನ ಕಿಂಡಿಯಲ್ಲಿ ಬಗ್ಗಿ ವಿಚಾರಿಸುವವರ ಹಾಗೆ ಕಾಣಬೇಕು.

ಹೂ ಬಿಟ್ಟವು. ಆದರೆ ಎಂಥ ಹೂ! ಹಿಂದೆ ಕಾಯಿಯ ಸುಳಿವೂ ಇಲ್ಲ. ಬೆಳಿಗ್ಗೆ ಅರಳುವುದು, ಬಿಸಿಲು ಕಾಯಿಸುವುದು, ಬಾಡುವುದು. "ಕೂತು ತಿನ್ನೋ ಸೋಮಾರಿಗಳು!" ಎಂದು ಒಂದನ್ನೂ ಬಿಡದೆ ಚಿವುಟಿ ಎಸೆದೆ. ಆಮೇಲೆ ಬಂದವು ನೋಡಿ, ಬುಡದಲ್ಲಿ ಪುಟಾಣಿ ಕಾಯಿ ಹೊತ್ತ ಹೂಗಳು! ಬಂಧುಬಳಗಕ್ಕೆಲ್ಲ ಫೋಟೋ ಕಳಿಸಿದೆ. ಅಭಿನಂದನೆಗಳು ಬರುತ್ತಿರುವಾಗಲೇ ಕಾಯಿಗಳು ಹಳದಿಯಾಗಿ, ಮುರುಟಿ, ಟಪ್ ಟಪ್ಪೆಂದು ಉದುರಿದವು.

ಖಾಲಿ ಪೊಟ್ಟಣವನ್ನು ನಾನು ಕಡ್ಡಿಗೆ ಸಿಕ್ಕಿಸಿ ಕುಂಡದಲ್ಲಿ ಬಾವುಟದಂತೆ ನೆಟ್ಟಿದ್ದೆ. ಅದರ ಹಿಂಬದಿ ಅತ್ತೆಯ ಕನ್ನಡಕಕ್ಕೆ ನೇರ ಎದುರಿಗಿತ್ತು. ಒಂದು ದಿನ ಅವರು ಬಗ್ಗಿದಲ್ಲಿಂದಲೇ ಕೂಗಿದರು:

"ಏನೇ, ಇದರ ಹಿಂದುಗಡೆ ಓದಿದ್ಯಾ? ಮನೆಯೊಳಗೆ ಬೆಳೆಸೋರು ಗಂಡು ಹೂವಿನ ಪುಡಿನ ಹೆಣ್ಣು ಹೂವಿಗೆ ಕೈಯಾರೆ ಮುಟ್ಟಿಸಬೇಕಂತೆ. ಇಲ್ಲದಿದ್ರೆ ಕಾಯಿ ಉದುರುತ್ತಂತೆ."

"ಗಂಡು ಹೂವು ಯಾವುದಂತೆ?"

"ಹಿಂದೆ ಕಾಯಿ ಇಲ್ಲದ್ದು."

ಯಂತ್ರದ ಪಕ್ಕದಿಂದ ನನ್ನ ಗಂಡನ ಧ್ವನಿ ಬಂತು: "ಹಾಗಾದ್ರೆ ಸೋಮಾರಿಗಳಿಂದಲೂ ಮನೆಗೆ ಉಪಯೋಗ ಇದೆ ಅಂತಾಯ್ತು!"

ನಾನು ಚಿವುಟಿ ಎಸೆದ ಹೂಗಳನ್ನು ಬೆರಳು ಮಡಚಿ ಎಣಿಸತೊಡಗಿದೆ.

ಆಮೇಲೆ ಮೊಗ್ಗುಗಳಿಗೆ ಕಾವಲು ಕೂತೆ. ಕಡೆಗೂ ಒಂದು ಬೆಳಿಗ್ಗೆ ಒಂದು ಗಂಡು, ಒಂದು ಹೆಣ್ಣು ಒಟ್ಟಿಗೆ ಅರಳಿದವು. ಮಗಳ ಬಣ್ಣದ ಕುಂಚ ತೊಳೆದು ತರುವಷ್ಟರಲ್ಲಿ ಗಂಡು ಮಾಯ!

"ಮೆಣಸು, ಹೂ ಎಲ್ಲಿ?"

"ಅಪ್ಪಂಗೆ ಕೊಟ್ಟೆ. ಪಾಪ, ಅಪ್ಪಂಗೆ ಕಿಟಕಿನೇ ಇಲ್ವಲ್ಲ."

ಬೇರೆ ದಿನವಾಗಿದ್ದರೆ ಅವಳನ್ನು ಎತ್ತಿ ಮುದ್ದಾಡುತ್ತಿದ್ದೆ. ಅಂದು ಓಡಿದೆ. ಅಪ್ಪ ಕಚೇರಿಯ ಮೀಟಿಂಗಿನಲ್ಲಿದ್ದರು, ಹೂ ಅವರ ಅಂಗಿಯ ಜೇಬಿನಲ್ಲಿತ್ತು. ಪರದೆಯಲ್ಲಿ ಕಾಣಬಾರದೆಂದು ಮೇಜಿನ ಕೆಳಗೆ ತೆವಳಿ, ಕೈ ಮಾತ್ರ ಮೇಲೆತ್ತಿ ಅವರ ಎದೆಯ ಮೇಲೆ ತಡಕಾಡಿದೆ.

"ಯಾರದೋ ಕೈ ಕಾಣ್ತಿದೆಯಲ್ಲಾ…" ಎಂದರು ಮೇಲಧಿಕಾರಿ.

"ಕೃಷಿ ಇಲಾಖೆ, ಸಾರ್," ಎಂದರು ನನ್ನ ಗಂಡ.

ಹೂವಿಗೆ ಹೂ ಮುಟ್ಟಿಸಿಯೇ ಉಸಿರು ಬಿಟ್ಟೆ. ಕಾಯಿ ನಿಂತಿತು! ಆದರೆ ಅದಕ್ಕೆ ಗಡುವಿನ ಪರಿವೆಯೇ ಇರಲಿಲ್ಲ. ನಾಳೆ ಶಾಲೆ ಶುರು ಎನ್ನುವ ಸಂಜೆಯೂ ಅದು ಎಲೆಯ ಮರೆಯಲ್ಲಿ ನನ್ನ ಕಿರುಬೆರಳಿನಷ್ಟೇ ಇತ್ತು. ಮುಸುಕೆಳೆದುಕೊಂಡು ಮಲಗಿಬಿಟ್ಟೆ.

ಬೆಳಿಗ್ಗೆ ಪರದೆ ಸರಿಸುತ್ತೇನೆ, ಮೊಳಕೈಯುದ್ದದ ಸೌತೆಕಾಯಿ ತೂಗಾಡುತ್ತಿದೆ!

"ರೀ! ಅತ್ತೆ! ಮೆಣಸು! ಎಲ್ಲ ಬನ್ನಿ! ಕೈಯಾರೆ ಮಾಡಿದ ಕೆಲಸ ಅಂದ್ರೆ ಇದು!"

ನನ್ನ ಗಂಡ ಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ಚಾವಣಿಯನ್ನು ನೋಡಿದರು. ಮೆಣಸು ಮಾತ್ರ ಹತ್ತಿರ ಹೋಗಿ, ಕಾಯಿಯನ್ನು ತಿರುಗಿಸಿ, ಕುಣಿದಾಡಿದಳು.

"ಅಮ್ಮಾ! ನಮ್ಮ ಗಿಡ ಸ್ಟಿಕ್ಕರ್ ಕೂಡ ಬಿಟ್ಟಿದೆ!"

ಗುಂಡಗೆ, ಹಳದಿಯಾಗಿ, ನಗುವ ಸೂರ್ಯನ ಚಿತ್ರವಿದ್ದ ಅಂಗಡಿಯ ಸ್ಟಿಕ್ಕರ್. ತೊಟ್ಟಿಗೆ ಹಸಿರು ಉಣ್ಣೆಯ ಗಂಟು. ನಮ್ಮ ಮನೆಯಲ್ಲಿ ಹಸಿರು ಉಣ್ಣೆ ಇರುವುದು ಒಂದೇ ಕಡೆ, ಅತ್ತೆಯ ಹೆಣಿಗೆ ಬುಟ್ಟಿಯಲ್ಲಿ.

"ಅತ್ತೆ!"

"ನೀನು ಮುಖ ಬಾಡಿಸ್ಕೊಂಡು ಮಲಗಿದ್ದು ನೋಡಕ್ಕಾಗ್ಲಿಲ್ಲ ಕಣೇ. ಅಂಗಡಿಗೆ ಹೋಗಿ ತಂದು ಕಟ್ಟಿದೆ."

"ಸ್ಟಿಕ್ಕರ್ ಆದ್ರೂ ಕೀಳಬಾರದಿತ್ತಾ?"

"ನಂಗೆ ಹೇಗೆ ಕಾಣ್ಬೇಕು? ನನ್ನ ಕನ್ನಡಕ ನಿನ್ನ ಗಿಡ ಹಾಕ್ಕೊಂಡು ಕೂತಿದೆಯಲ್ಲಾ!"

ಇತ್ತ ಮೆಣಸು ಸ್ಟಿಕ್ಕರನ್ನು ಹಣೆಗೆ ಅಂಟಿಸಿಕೊಂಡು ಕಾಯಿಯನ್ನು ಕಟುಂ ಕಟುಂ ಎಂದು ಮೆಲ್ಲುತ್ತಿದ್ದಳು. ಹಸಿರು ಪದಾರ್ಥವೊಂದು ತಾನಾಗಿ ಅವಳ ಗಂಟಲಲ್ಲಿ ಇಳಿದದ್ದು ಅದೇ ಮೊದಲು. ಗೆದ್ದದ್ದು ಅಂಗಡಿ.

ಮೇಜು ಕಿಟಕಿಗೆ ಮರಳಿತು, ಕನ್ನಡಕ ಅತ್ತೆಯ ಮೂಗಿಗೆ ಮರಳಿತು. ಕುಂಡವನ್ನು ಮೆಟ್ಟಿಲ ಕೆಳಗೆ ಒಯ್ಯಲು ಹೊರಟವಳನ್ನು ನನ್ನ ಗಂಡನೇ ತಡೆದು, ತಮ್ಮ ಮೇಜಿನ ಮೂಲೆಯಲ್ಲಿ ಜಾಗ ಕೊಟ್ಟರು. ಅಲ್ಲಿ ನನ್ನ ನಿಜವಾದ ಕಾಯಿ ನಿಧಾನವಾಗಿ ಬಲಿಯಿತು. ಅಂಗೈಯಷ್ಟು ಉದ್ದ, ಅಲ್ಪವಿರಾಮದ ಹಾಗೆ ಡೊಂಕು. ತೊಳೆದು, ತಟ್ಟೆಯಲ್ಲಿಟ್ಟು, ಮಗಳ ಮುಂದೆ ಹಿಡಿದೆ.

ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದು ನಿಜವಾದ ಸೌತೆಕಾಯಿ ಅಲ್ಲ. ಸ್ಟಿಕ್ಕರ್ ಎಲ್ಲಿ?"

ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಮಗಳ ಹಣೆಯ ಮೇಲೆ ಹಳತಾದ ಆ ಸೂರ್ಯ ಈಗ ಫ್ರಿಜ್ಜಿನ ಬಾಗಿಲಲ್ಲಿ ನಗುತ್ತಿದ್ದ. ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಕೊನೆಯಲ್ಲಿ ಉಳಿದಿದ್ದ ಚೂರು ಅಂಟನ್ನು ನಂಬಿ, ನನ್ನ ಕಾಯಿಯ ಮೇಲೆ ಒತ್ತಿದೆ.

ಮೆಣಸು ಒಂದು ಚೂರೂ ಬಿಡದೆ ತಿಂದಳು. ಬೆರಳು ನೆಕ್ಕಿಕೊಂಡು, ಕುಂಡದ ಕಡೆ ಕರುಣೆಯಿಂದ ನೋಡಿ ಹೇಳಿದಳು:

"ಅಂಗಡಿದು ಎಷ್ಟು ಚೆನ್ನಾಗಿರುತ್ತೆ ಅಲ್ವಾ ಅಮ್ಮಾ? ನೀನು ಸುಮ್ನೆ ಆ ಗಿಡಕ್ಕೆ ಯಾಕೆ ನೀರು ಹಾಕ್ತೀಯ?"